ಕುರಿಯ ಬದಲು ಬೂದುಗುಂಬಳ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಸಿಂಗಪುರದಲ್ಲಿ ನಾನು ಇದ್ದದ್ದು ಒಂಬತ್ತು ದಿನ, ಡೈರಿಯಲ್ಲಿರುವುದು ಎಂಟು ದಿನದ ಬರಹ. ಜರ್ಮೀನಾ ಆಂಟಿಯ ಫ್ಲಾಸ್ಕು ಒಂದು ಪುಟದಲ್ಲಿ ಹಸಿರು, ಇನ್ನೊಂದರಲ್ಲಿ ನೀಲಿ. ಎರಡೂ ನನ್ನದೇ ಅಕ್ಷರ. ಬಣ್ಣ, ದಿನ, ಯಾರು ಮೊದಲು ಮಾತಾಡಿದರು ಎಂಬಂಥದ್ದನ್ನು ಓದುವವರು ಸ್ವಲ್ಪ ಸಡಿಲವಾಗಿ ಹಿಡಿದುಕೊಳ್ಳಬೇಕು.

ಹೋದದ್ದು ಒಂದು ಅನುವಾದ ಕಮ್ಮಟಕ್ಕೆ. ವಿಷಯ, ಪಶ್ತೋ ಕವಿತೆಯಲ್ಲಿ ಶಾಂತಿ. ನನಗೆ ಪಶ್ತೋ ಬರುವುದಿಲ್ಲ. ಬಂದಿದ್ದ ಆರು ಭಾಷೆಯ ಆರು ಮಂದಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಇಂಗ್ಲಿಷಿನ ಮೂಲಕ ನಮ್ಮ ನಮ್ಮ ಭಾಷೆಗೆ ತರುವುದು, ಅನುಮಾನ ಬಂದರೆ ಆ ಊರಿನಲ್ಲಿರುವ ಪಠಾಣ ಮನೆಯವರನ್ನು ಕೇಳುವುದು, ಹೀಗೆ ವ್ಯವಸ್ಥೆ ಮಾಡಿದ್ದರು. ನನ್ನ ಪಾಲಿಗೆ ಬಂದವರು ಜರ್ಮೀನಾ ಆಂಟಿ.

ಅದೇ ಊರಿನಲ್ಲಿ ನನ್ನ ಅಕ್ಕ ವಸುಧಾ ಇದ್ದಾಳೆ. ನಮಗೆ ಮಾತು ನಿಂತು ಆರು ವರ್ಷ. ಅಮ್ಮ ಮೈಸೂರಿನ ಆಸ್ಪತ್ರೆಯಲ್ಲಿದ್ದಾಗ ನಾನು ಅವಳಿಗೆ ಫೋನ್ ಮಾಡಿದೆ. "ಕೂಡಲೇ ಹೊರಟು ಬಾ" ಎಂದು ಹೇಳಿದ್ದು ನನಗೆ ನೆನಪಿದೆ. "ಗಾಬರಿ ಏನಿಲ್ಲ, ರಜಾ ನೋಡ್ಕೊಂಡು ಬಾ" ಎಂದು ನಾನು ಹೇಳಿದ್ದು ಅವಳಿಗೆ ನೆನಪಿದೆ. ಮೂರನೇ ದಿನ ಬೆಳಗ್ಗೆ ಅಮ್ಮ ಹೋದಳು. ಅಕ್ಕ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ವೈಕುಂಠ ಸಮಾರಾಧನೆಯ ದಿನ, ಎಲೆ ಹಾಕಿದ ಮೇಲೆ, ನೆಂಟರ ಎದುರಿಗೆ ಅವಳು, "ಅಮ್ಮನ ಮುಖ ನನಗೆ ತಪ್ಪಿಸಿದೋಳು ನೀನು" ಅಂದಳು. ನಾನು ಅದಕ್ಕಿಂತ ಕೆಟ್ಟದ್ದೇನೋ ಅಂದೆ. ಅದೇನೆಂದು ನೆನಪಿಲ್ಲ ಎಂದು ಬರೆಯುವುದು ಸುಲಭ. ನೆನಪಿದೆ, ಆದರೆ ಇಲ್ಲಿ ಬರೆಯುವುದಿಲ್ಲ.

ಫೋನ್ ಮಾಡಿದ ದಿನದ ಡೈರಿಯಲ್ಲಿ ಒಂದೇ ಸಾಲು ಇದೆ: "ಅಕ್ಕನಿಗೆ ಫೋನ್ ಮಾಡಿದೆ."

ಪಾಯಾ ಲೆಬಾರ್

ನಮ್ಮನ್ನು ಇಳಿಸಿದ್ದು ಪಾಯಾ ಲೆಬಾರಿನಲ್ಲಿ. ಸುತ್ತ ಆಫೀಸು, ಮಾಲು, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು ಊಟಕ್ಕೆ ಓಡುವ ಜನ. ಮೊದಲ ಮಧ್ಯಾಹ್ನವೇ ನಾನೊಂದು ತಪ್ಪು ಮಾಡಿದೆ. ಊಟದ ಅಂಗಡಿಗಳೆಲ್ಲ ಒಂದೇ ಸೂರಿನಡಿ ಇರುವ ಹಾಕರ್ ಸೆಂಟರಿನಲ್ಲಿ ಖಾಲಿ ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಇತ್ತು. ಗಿರಾಕಿಗಳಿಗಾಗಿ ಇಟ್ಟದ್ದೆಂದುಕೊಂಡು ಬಿಚ್ಚಿ, ಕೈ ಒರೆಸಿ, ಕೂತೆ. ಅದು ಯಾರೋ ಜಾಗ ಹಿಡಿದ ಗುರುತು. ನಾವು ಬಸ್ಸಿನ ಕಿಟಕಿಯಿಂದ ಸೀಟಿಗೆ ಕರ್ಚೀಫು ಎಸೆಯುತ್ತೇವಲ್ಲ, ಹಾಗೆ. ನಮ್ಮಲ್ಲಾದರೆ ಕರ್ಚೀಫಿನ ಮೇಲೆ ಕೂತವರ ಜೊತೆ ಮುಂದಿನ ಸ್ಟಾಪಿನವರೆಗೂ ಜಗಳ ಆಡಬಹುದು. ಇಲ್ಲಿ ತಟ್ಟೆ ಹಿಡಿದು ಬಂದ ಹೆಂಗಸು ನನ್ನನ್ನೂ ಬಿಚ್ಚಿದ ಪ್ಯಾಕೆಟ್ಟನ್ನೂ ನೋಡಿದಳು, ಚೀಲದಿಂದ ಇನ್ನೊಂದು ಪ್ಯಾಕೆಟ್ ತೆಗೆದು ಪಕ್ಕದ ಮೇಜಿನ ಮೇಲಿಟ್ಟು ಅಲ್ಲೇ ಕೂತು ಉಂಡಳು. ಬೈದಿದ್ದರೆ ನನ್ನ ಊಟ ಸಲೀಸಾಗಿ ಇಳಿಯುತ್ತಿತ್ತು.

ಜರ್ಮೀನಾ ಆಂಟಿಯ ಮನೆ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಆದರೆ ಅವರು ಕೂರುವುದು ಕೆಳಗೆ, ವಾಯ್ಡ್ ಡೆಕ್ಕಿನಲ್ಲಿ. ಫ್ಲಾಟುಗಳ ಬುಡದಲ್ಲಿ ಕಂಬಗಳ ನಡುವೆ ಖಾಲಿ ಬಿಟ್ಟ ಜಾಗಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಕಲ್ಲಿನ ಮೇಜು, ಕಲ್ಲಿನ ಸ್ಟೂಲು, ಗಾಳಿ. ಎಪ್ಪತ್ತರ ಆಸುಪಾಸಿನ ಹೆಂಗಸು, ಗಟ್ಟಿ ದನಿ. ಗಂಡನ ತಾತ ಇಲ್ಲಿಗೆ ಕಾವಲುಗಾರನಾಗಿ ಬಂದವರಂತೆ. ಈಕೆ ಪೆಶಾವರದ ಆಚೆಯ ಹಳ್ಳಿಯಿಂದ ಮದುವೆಯಾಗಿ ಬಂದವರು. ನಾವು ಮಾತಾಡುತ್ತಿದ್ದದ್ದು ಹಿಂದಿಯೋ ಉರ್ದುವೋ ಹೇಳಲಾಗದ ಭಾಷೆಯಲ್ಲಿ. ಇಲ್ಲಿ ಅವರ ಮಾತನ್ನು ನಮ್ಮ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಷ್ಟರ ಮಟ್ಟಿಗೆ ಅದೂ ನನ್ನದೇ ಮಾತು.

ಫ್ಲಾಸ್ಕಿನಿಂದ ಏಲಕ್ಕಿ ಹಾಕಿದ ಹಸಿರು ಚಹಾ ಬಗ್ಗಿಸಿ ಕೊಟ್ಟು, "ಓದು" ಅಂದರು. ಕಮ್ಮಟದವರು ಕೊಟ್ಟ ಇಪ್ಪತ್ತು ಕವಿತೆಗಳಲ್ಲಿ ಮೊದಲ ಮೂರರ ಅರ್ಥ ಹೇಳಿದೆ. ಮೂರರಲ್ಲೂ ಶಾಂತಿ ಎಂಬ ಪದ ಇತ್ತು. ಒಂದರಲ್ಲಿ ನಾಲ್ಕು ಸಲ ಇತ್ತು. ಆಂಟಿ ಕೈ ಎತ್ತಿದರು.

"ಇವನ್ನ ಗಂಡಸರು ಮೈಕ್ ಮುಂದೆ ಓದ್ತಾರೆ ಬೇಟಿ. ಚಪ್ಪಾಳೆ ಆದಮೇಲೆ ಪಲಾವ್ ಇರುತ್ತೆ."

"ಚೆನ್ನಾಗಿಲ್ವಾ?"

"ಚೆನ್ನಾಗೇ ಇವೆ. ನಾನೂ ಚಪ್ಪಾಳೆ ಹೊಡೀತೀನಿ. ಪಲಾವೂ ತಿಂತೀನಿ."

ಆಮೇಲೆ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ಎರಡು ಸಾಲು ಹೇಳಿದರು. ಮೊದಲಿನದು ಗಿಡ್ಡ, ಎರಡನೆಯದು ಉದ್ದ. ಟಪ್ಪಾ ಅನ್ನುತ್ತಾರಂತೆ. ಹೆಚ್ಚಿನವು ಹೆಂಗಸರು ಕಟ್ಟಿದ್ದು, ಯಾರ ಹೆಸರೂ ಇರುವುದಿಲ್ಲ. ಪದದಿಂದ ಪದಕ್ಕೆ ಕೇಳಿ ಬರೆದುಕೊಂಡದ್ದು ಹೀಗಿದೆ:

ಹಿರಿಯರು ಕಲ್ಲು ಇಟ್ಟು ಹೋದರು;
ಮಳೆ ಬರುವವರೆಗೆ ನನ್ನ ತಮ್ಮ ಬಾಗಿಲಿಗೆ ಬೆನ್ನು ಹಾಕಿ ಮಲಗಬಹುದು.

"ಕಲ್ಲು ಅಂದ್ರೆ?"

ಎರಡು ಮನೆಗಳ ನಡುವೆ ಹಗೆ ಇದ್ದಾಗ ಊರ ಹಿರಿಯರು ಸೇರಿ ಒಂದು ಕಲ್ಲು ಇಡುತ್ತಾರೆ. ಇಂಥ ದಿನದವರೆಗೆ ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಅಷ್ಟರಲ್ಲಿ ಗದ್ದೆ ಕುಯ್ದುಕೊಳ್ಳಬೇಕು, ಮದುವೆ ಮುಗಿಸಿಕೊಳ್ಳಬೇಕು.

"ಮಳೆ ಬಂದಮೇಲೆ?" ಅಂದೆ.

"ಮಳೆ ಬಂದಮೇಲೆ ಆ ತಮ್ಮ ಬಾಗಿಲ ಕಡೆ ಮುಖ ಮಾಡಿ ಮಲಗ್ತಾನೆ. ಅದನ್ನ ಯಾಕೆ ಹಾಡ್ಬೇಕು?"

ಇನ್ನೊಂದು ಹೇಳಿ ಎಂದೆ. ಹೇಳಲಿಲ್ಲ. ಕೇಳಿದವಳು ತಿರುಗಿ ಒಂದು ಕೊಡಬೇಕಂತೆ. ಮದುವೆ ಮನೆಯಲ್ಲಿ ಹಾಗೆಯೇ, ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು, ಸೋಲುವವರೆಗೆ. ನಾನು ಪಾಠ ಮಾಡುವವಳು, ಕವಿತೆ ಬರೆದವಳಲ್ಲ ಎಂದೆ. ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮುಚ್ಚಿದರು. ಮುಚ್ಚಿದ ರೀತಿಯಲ್ಲೇ ಗೊತ್ತಾಯಿತು, ನಾನು ಕೊಡುವವರೆಗೆ ಚಹಾವೂ ಇಲ್ಲ.

ಮಾರನೇ ದಿನ ಎರಡು ಸಾಲು ಹೊಂದಿಸಿಕೊಂಡು ಹೋದೆ. ಮೂರು ಕರಡು ಹರಿದು ನಾಲ್ಕನೆಯದು:

ಫೋನಿನಲ್ಲಿ ನಾನೊಂದು ಮಾತು ಹೇಳಿದೆ;
ನನ್ನ ಅಕ್ಕ ಇನ್ನೊಂದು ಮಾತು ಕೇಳಿಸಿಕೊಂಡು ಕಡಲಾಚೆ ಕೂತಿದ್ದಾಳೆ.

ಆಂಟಿ ಸಾಲು ಚೆನ್ನಾಗಿದೆ ಎನ್ನಲಿಲ್ಲ. "ಯಾವ ಕಡಲು?" ಅಂದರು.

"ಇದೇ. ಅವಳು ಬ್ಯೂನಾ ವಿಸ್ಟಾದಲ್ಲಿದ್ದಾಳೆ."

"ರೈಲಿನ ಹಸಿರು ಲೈನಿನಲ್ಲಿ ಅರ್ಧ ಗಂಟೆ! ಅದನ್ನ ಕಡಲು ಅಂತೀಯಾ? ಬರೆಯೋರು ನೀವು ಭಾರಿ ಸುಳ್ಳುಗಾರರು."

ಎಲ್ಲ ಹೇಳಿಸಿಕೊಂಡರು. ಯಾರು ಸರಿ, ಯಾರು ತಪ್ಪು ಎನ್ನುವುದನ್ನು ನಾನು ಮೂರು ಸಲ ವಿವರಿಸಿದೆನೆಂದು ತೋರುತ್ತದೆ. ನನವಾತೆಯ ಮಾತು ತೆಗೆದವರು ಅವರು. ತಪ್ಪು ಮಾಡಿದವರು, ಅಥವಾ ತಪ್ಪು ಹೊತ್ತವರು, ಹೇಳಿ ಕಳಿಸದೆ ಎದುರಾಳಿಯ ಮನೆ ಹೊಕ್ಕುಬಿಡುವುದು. ಜೊತೆಗೊಂದು ಕುರಿ ಒಯ್ಯುತ್ತಾರೆ. ಹೊಸಿಲು ದಾಟಿದವರನ್ನು ಹೊರಗೆ ಹಾಕುವಂತಿಲ್ಲ.

"ನಡೆದದ್ದೇನು ಅಂತ ವಿಚಾರಣೆ ಇರಲ್ವಾ?"

"ಒಳಗೆ ಬಂದಾಯ್ತಲ್ಲ, ಇನ್ನೇನು ವಿಚಾರಣೆ."

"ಬಂದೋಳಿಗೇ ತಾನು ತಪ್ಪು ಮಾಡಿಲ್ಲ ಅನಿಸಿದ್ರೆ?"

"ಅದು ಅವಳ ಹೊಟ್ಟೆಯೊಳಗಿನ ಮಾತು. ಹೊಟ್ಟೆ ಹೊರಗೆ ಬಿಟ್ಟು ಬರೋಕಾಗುತ್ತಾ?"

"ಮನೆಯವರು ಒಪ್ಪಲೇಬೇಕಾ?"

"ಒಪ್ಪಬೇಕು. ಒಪ್ಪಿ, ಆಮೇಲೆ ಹಲ್ಲು ಕಡೀಬಹುದು. ನಮ್ಮ ಸೋದರತ್ತೆ ಮೂವತ್ತು ವರ್ಷ ಕಡಿದಳು."

ಆ ದಿನ ಎರಡು ಟಪ್ಪಾ ಸಿಕ್ಕವು. ಒಂದು:

ಹಗೆಯವನ ತಾಯಿ ಅಂಗಳಕ್ಕೆ ಬಂದಳು;
ಒಲೆಯ ಮೇಲಿನ ಚಹಾಕ್ಕೆ ನಾನು ಇನ್ನೊಂದು ಬಟ್ಟಲು ನೀರು ಸುರಿದೆ.

ಎರಡನೆಯದನ್ನು ಹೇಳುವಾಗ ತಾಳ ಹಾಕಲಿಲ್ಲ.

ಎರಡೂ ಮನೆಯ ಬಂದೂಕು ಗೋಡೆ ಏರಿದವು;
ನಾನು ಕುದುರೆ ಏರಿ ಗುರುತಿಲ್ಲದ ಗಂಡನ ಮನೆಗೆ ಹೋದೆ.

ರಾಜಿಗೆ ಹೆಣ್ಣು ಕೊಟ್ಟುಬಿಡುವ ರೂಢಿ ಇತ್ತು, ಈಗಲೂ ಕೆಲವು ಕಡೆ ಇದೆಯಂತೆ. ಆ ಮದುವೆಗೆ ಡೋಲು ಇರುವುದಿಲ್ಲ. ಕಮ್ಮಟದ ಪಟ್ಟಿಯ ಇಪ್ಪತ್ತು ಕವಿತೆಗಳಲ್ಲಿ ಈ ಹುಡುಗಿ ಎಲ್ಲೂ ಇರಲಿಲ್ಲ. ಇದು ಯಾರು ಕಟ್ಟಿದ್ದು ಎಂದು ಕೇಳಿದೆ. "ಯಾರೋ" ಅಂದರು. ನೀವೇ ಕಟ್ಟಿದ್ದಾ ಎಂದೆ. "ಚಹಾ ಆರ್ತಿದೆ" ಅಂದರು.

ಲಿಟಲ್ ಇಂಡಿಯಾ

ಹೋಗುವುದೆಂದು ನಾನು ಯಾವಾಗ ನಿರ್ಧರಿಸಿದೆ ಎನ್ನುವುದು ಡೈರಿಯಲ್ಲಿಲ್ಲ. ಶನಿವಾರದ ಪುಟದಲ್ಲಿ "ಕುರಿ?" ಎಂದಷ್ಟೇ ಇದೆ.

ಕುರಿಯ ವಿಷಯವನ್ನು ಆಂಟಿಯ ಹತ್ತಿರ ಗಂಭೀರವಾಗಿಯೇ ಕೇಳಿದ್ದೆ. ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ, ಏನು ಮಾಡಲಿ ಎಂದು. "ನಿಮ್ಮವರು ದೇವರಿಗೆ ಏನು ಕಡೀತಾರೆ?" ಎಂದರು. ಬೂದುಗುಂಬಳಕಾಯಿ ಎಂದೆ. ಆಯುಧಪೂಜೆಗೆ ಕುಂಕುಮ ತುಂಬಿ ಒಡೆಯುತ್ತೇವೆ, ಬಲಿಯ ಬದಲು ಅದು ಎಂದು ಹೇಳಿದೆ. ಆಂಟಿ ನಕ್ಕರು. ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡು, "ಹಾಗಾದ್ರೆ ಅದನ್ನೇ ಒಯ್ಯಿ. ಹಗ್ಗ ಕಟ್ಟಿ ಎಳ್ಕೊಂಡು ಹೋಗೋ ಕಷ್ಟನೂ ಇಲ್ಲ" ಅಂದರು.

ಭಾನುವಾರ ಬೆಳಗ್ಗೆ ಸೆರಂಗೂನ್ ರಸ್ತೆಯಲ್ಲಿ ಮೂರು ಅಂಗಡಿ ಹತ್ತಿಳಿದೆ. ಎರಡರಲ್ಲಿ ಹೋಳು ಮಾಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದರು. ಹೋಳು ಮಾಡಿದ ಕುರಿ ಒಯ್ದರೆ ನಡೆಯುತ್ತದೆಯೇ ಎಂದು ಕೇಳಬೇಕೆನಿಸಿತು, ಯಾರನ್ನು ಕೇಳುವುದು? ಮೂರನೆಯ ಅಂಗಡಿಯ ತಮಿಳು ಅಣ್ಣ ಒಳಗಿನಿಂದ ಒಂದು ಇಡೀ ಕಾಯಿ ತಂದು, ಹೊಸ ಆಫೀಸಾ ಎಂದು ವಿಚಾರಿಸಿದ. ಹೌದು ಎಂದೆ. ಮೈತುಂಬ ಬೂದಿಯ ಹಾಗೆ ಬಿಳಿ ಪುಡಿ. ಬಟ್ಟೆಗೆ ಅಂಟಬಾರದೆಂದು ದುಪಟ್ಟಾ ಸುತ್ತಿ ಎದೆಗೆ ಒರಗಿಸಿ ಹಿಡಿದುಕೊಂಡೆ.

ಎಂಆರ್‌ಟಿ ರೈಲಿನಲ್ಲಿ ಒಬ್ಬ ಹುಡುಗ ನನ್ನನ್ನೂ ದುಪಟ್ಟಾವನ್ನೂ ನೋಡಿ ಥಟ್ಟನೆ ಎದ್ದು ಸೀಟು ಬಿಟ್ಟುಕೊಟ್ಟ. ಅದು ಎಳೆ ಮಕ್ಕಳನ್ನು ಎತ್ತಿಕೊಂಡವರ ಸೀಟು. ನಾನು ಕೂತೆ. ನಿಜ ಹೇಳಲು ಒಂದು ಸ್ಟೇಷನ್ನಿನಷ್ಟು ಸಮಯ ಇತ್ತು, ಹೇಳಲಿಲ್ಲ. ಅವನು ಬಗ್ಗಿ ಇಣುಕುತ್ತಾನೇನೋ ಎಂಬ ಭಯಕ್ಕೆ ದುಪಟ್ಟಾದ ಅಂಚನ್ನು ಇನ್ನಷ್ಟು ಎಳೆದು ಮುಚ್ಚಿದೆ. ಬೊಟಾನಿಕ್ ಗಾರ್ಡನ್ಸಿನಲ್ಲಿ ಗಾಡಿ ಬದಲಿಸುವಾಗ ಎದುರು ದಿಕ್ಕಿನದಕ್ಕೆ ಹತ್ತಿ, ಎರಡು ಸ್ಟೇಷನ್ ಆದಮೇಲೆ ಇಳಿದು ಹಿಂದಕ್ಕೆ ಬಂದೆ. ಬೇಕೆಂದೇ ಮಾಡಿದೆನೇ ಎಂದು ಆಗಲೇ ಕೇಳಿಕೊಂಡೆ. ಇಲ್ಲವೆಂದು ಖಚಿತವಾಗಿ ಹೇಳಲಾರೆ.

ಬ್ಯೂನಾ ವಿಸ್ಟಾ

ಅಕ್ಕನ ವಿಳಾಸ ನನ್ನ ಹತ್ತಿರ ಇತ್ತು. ಅಮ್ಮ ಚಟ್ನಿಪುಡಿ ಕೊರಿಯರ್ ಮಾಡಿಸುತ್ತಿದ್ದಾಗ ಬರೆದುಕೊಂಡದ್ದು. ನಾನು ಸಿಂಗಪುರಕ್ಕೆ ಬಂದಿರುವುದು ಅವಳಿಗೆ ಗೊತ್ತಿರಲಿಲ್ಲ.

ಹೇಳದೆ ಹೊಸಿಲು ದಾಟುವ ಪದ್ಧತಿಯನ್ನು ಕಂಡುಹಿಡಿದವರು ಸಿಂಗಪುರದ ಕಾಂಡೊ ಅಪಾರ್ಟ್‌ಮೆಂಟ್ ನೋಡಿರಲಿಲ್ಲ. ಗೇಟಿನಲ್ಲಿ ಗಾಜಿನ ಗೂಡು, ಅದರೊಳಗೆ ಗಾರ್ಡ್ ಅಂಕಲ್, ಅವರ ಮುಂದೆ ದಪ್ಪ ರಿಜಿಸ್ಟರ್.

"ಯೂನಿಟ್ ನಂಬರ್, ಆಂಟಿ? ಅವರಿಗೆ ನೀವು ಬರೋದು ಗೊತ್ತಾ?"

"ಇಲ್ಲ."

ಅವರು ಪೆನ್ನು ಕೆಳಗಿಟ್ಟರು. ನಲವತ್ತು ವರ್ಷದ ಕೆಲಸದಲ್ಲಿ ಇಂಥ ಉತ್ತರ ಬಂದಿರಲಿಲ್ಲವೋ ಏನೋ. ದುಪಟ್ಟಾದೊಳಗೇನು ಎಂದರು. ತರಕಾರಿ ಎಂದೆ. ಬಿಚ್ಚಿ ತೋರಿಸಿದೆ. ಇಂಟರ್‌ಕಾಮ್ ಒತ್ತಿದರು. ಹುಡುಗಿಯ ದನಿ, ಮಾತಿನ ಕೊನೆಗೆ ಆ ಊರಿನವರ "ಲಾ" ಬೇರೆ: "ಮಮ್ಮಿ ಮಾರ್ಕೆಟ್ಟಿಗೆ ಹೋಗಿದ್ದಾಳೆ ಲಾ. ಯಾರೂ ಬರೋದಿಲ್ಲ ಇವತ್ತು." ಅಕ್ಕನ ಮಗಳು ಅನನ್ಯಾ. ನಾನು ಕೊನೆಯ ಸಲ ನೋಡಿದಾಗ ಏಳು ವರ್ಷದವಳು.

ರಿಜಿಸ್ಟರಿನ ಕೊನೆಯ ಕಾಲಮ್ಮಿಗೆ ಅಂಕಲ್, "ಫ್ರೆಂಡ್?" ಎಂದು ಕೇಳಿದರು. ಹೌದು ಎಂದುಬಿಟ್ಟೆ. ಬರೆದುಕೊಂಡು ಬೆಂಚು ತೋರಿಸಿದರು. ನನವಾತೆಗೆ ಬಂದವಳು ಹೊಸಿಲಿನಿಂದ ಹನ್ನೊಂದು ಮಹಡಿ ಕೆಳಗೆ, ಫ್ರೆಂಡ್ ಎಂದು ಬರೆಸಿಕೊಂಡು, ಮಡಿಲಲ್ಲಿ ಬೂದುಗುಂಬಳ ಇಟ್ಟುಕೊಂಡು ಕೂತೆ. ಎಷ್ಟು ಹೊತ್ತೆಂದು ಗೊತ್ತಿಲ್ಲ. ಇಪ್ಪತ್ತು ನಿಮಿಷ ಇರಬಹುದು.

ಅಕ್ಕ ಎರಡೂ ಕೈಯಲ್ಲಿ ಚೀಲ ಹಿಡಿದು ಬಂದಳು. ಕೂದಲು ಗಿಡ್ಡ ಮಾಡಿಸಿದ್ದಳು. ನನ್ನನ್ನು ದಾಟಿ ಎರಡು ಹೆಜ್ಜೆ ಹೋಗಿ ನಿಂತಳು. ತಿರುಗಿದಾಗ ನೋಡಿದ್ದು ನನ್ನ ಮುಖವನ್ನಲ್ಲ, ಮಡಿಲನ್ನು.

"ಇದೇನೇ ಇದು?"

ನಾನು ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತೇ ಬೇರೆ. ಬಾಯಿಗೆ ಬಂದದ್ದು, "ಬೂದುಗುಂಬಳಕಾಯಿ."

"ಅದು ಕಾಣ್ತಿದೆ. ದೃಷ್ಟಿ ತೆಗೆಯೋಕೆ ಬಂದ್ಯಾ? ಯಾರದ್ದು, ನಂದಾ?"

ಅಂಕಲ್ ಗೂಡಿನಿಂದ ಇಣುಕಿ, ನಿಮ್ಮ ಫ್ರೆಂಡ್ ಕಾಯ್ತಿದ್ದಾರೆ ಎಂದರು. ಅಕ್ಕ ಹೋಗಿ ರಿಜಿಸ್ಟರ್ ನೋಡಿದಳು. ಅವಳ ಬೆನ್ನು ನನ್ನ ಕಡೆಗಿತ್ತು.

"ಫ್ರೆಂಡ್ ಅಂತ ಬರ್ಸಿದೀಯಾ?"

"ಅವರು ಕೇಳಿದ್ರು. ಹೂಂ ಅಂದೆ."

"ಕೇಳಿದ್ದಕ್ಕೆಲ್ಲ ಹೂಂ ಅನ್ನೋ ಬುದ್ಧಿ ನಿಂಗೆ ಯಾವಾಗ ಬಂತು?" ಪೆನ್ನು ತೆಗೆದುಕೊಂಡು ಏನೋ ತಿದ್ದಿದಳು. ಏನು ಬರೆದಳೆಂದು ನಾನು ನೋಡಲಿಲ್ಲ. "ಎತ್ಕೋ ನಿನ್ನ ಮಗೂನ. ಲಿಫ್ಟ್ ಈ ಕಡೆ."

ಭಾವ ಕೆಲಸದ ಮೇಲೆ ಜಕಾರ್ತಾಗೆ ಹೋಗಿದ್ದರು. ಅನನ್ಯಾ "ಹಾಯ್ ಚಿಕ್ಕಮ್ಮ" ಎಂದು ಏನೂ ಆಗಿಲ್ಲದವಳ ಹಾಗೆ ಅಂದಳು, ಆಮೇಲೆ ಅಮ್ಮನ ಮುಖ ನೋಡಿದಳು. ಕುರಿಯ ಕತೆ, ಕಲ್ಲಿನ ಕತೆ, ಟಪ್ಪಾಗಳ ಕತೆ ನಾನು ಅವಳಿಗೆ ಹೇಳಿದೆ. ಅಕ್ಕ ಕೇಳಿಸಿಕೊಳ್ಳಲಿ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಹೇಳಿದೆ. ಅಕ್ಕ ಚೀಲದಿಂದ ಸೊಪ್ಪು ತೆಗೆಯುತ್ತಿದ್ದವಳು, "ಕುರಿ ತಂದೋರೇ ಅಡುಗೆ ಮಾಡ್ಬೇಕಾ, ಮನೆಯೋರು ಮಾಡ್ಬೇಕಾ?" ಎಂದಳು. ಆಂಟಿಯನ್ನು ಕೇಳಿರಲಿಲ್ಲ ಎಂದೆ. "ಮುಖ್ಯವಾದದ್ದೇ ಕೇಳಲ್ಲ ನೀನು."

ಮಜ್ಜಿಗೆ ಹುಳಿ ಎಂದು ತೀರ್ಮಾನವಾಯಿತು. ಆದರೆ ಕಾಯಿ ಇಡಿಯಾಗಿತ್ತು. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಕತ್ತಿ ಹಾಕಬಾರದು ಎಂಬುದೊಂದು ನಮ್ಮ ಕಡೆ ಇದೆಯಲ್ಲ. ಮನೆಯಲ್ಲಿ ಗಂಡಸರಿಲ್ಲ.

"ಅಪ್ಪ ಆಫೀಸಿಂದ ಬರೋವರೆಗೂ ಅಮ್ಮ ಕಾಯ್ತಿದ್ಲು" ಅಂದಳು ಅಕ್ಕ. "ಕತ್ತಿ ಪಕ್ಕದಲ್ಲೇ ಇಟ್ಕೊಂಡು."

"ಇಲ್ಲ ಅಕ್ಕ. ಅಮ್ಮನೇ ಹೊಡೀತಿದ್ಲು, ಹಿತ್ತಿಲ ಕಲ್ಲಿನ ಮೇಲೆ. ಯಾರಿಗೂ ಹೇಳ್ಬೇಡ ಅಂತಿದ್ಲು."

"ನನ್ನೆದುರಿಗೆ ಒಂದ್ಸಲಾನೂ ಹೊಡೆದಿಲ್ಲ."

"ನನ್ನೆದುರಿಗೆ ಒಂದ್ಸಲಾನೂ ಕಾದಿಲ್ಲ."

ಇಬ್ಬರ ನೆನಪೂ ಸರಿ ಇದ್ದಿರಬಹುದು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳಿಗಿದ್ದ ಅಮ್ಮ ನನ್ನ ಕಾಲಕ್ಕೆ ಬದಲಾಗಿದ್ದಿರಬಹುದು. ಅಥವಾ ನಾನೇ ಕಲ್ಪಿಸಿಕೊಂಡಿರಬಹುದು. ಅಷ್ಟರಲ್ಲಿ ಅನನ್ಯಾ, "ಕಟ್ ಮಾಡೋದಕ್ಕೆ ಮೀಟಿಂಗಾ? ಕ್ಯಾನ್ ಲಾ, ನಾನೇ ಮಾಡ್ತೀನಿ" ಎಂದು ದೊಡ್ಡ ಚಾಕು ತೆಗೆದುಕೊಂಡು ಎರಡು ಹೋಳು ಮಾಡಿಬಿಟ್ಟಳು.

ನಾನು ತಿರುಳು ತೆಗೆದು ಹೋಳು ಮಾಡಿದೆ. ಅಕ್ಕ ಕಡಲೆಬೇಳೆ, ಕಾಯಿ, ಹಸಿಮೆಣಸು, ಜೀರಿಗೆ ರುಬ್ಬಿದಳು. ಮಿಕ್ಸಿಯ ಸದ್ದು ಇರುವಷ್ಟು ಹೊತ್ತು ಇಬ್ಬರಿಗೂ ಆರಾಮಾಗಿತ್ತು. ನಿಂತ ಮೇಲೆ ನಾನು ಹೇಳಬೇಕಾದದ್ದನ್ನು ಹೇಳಿದೆ. ವಿಚಾರಣೆ ಬೇಡ ಎಂದು ಕಲಿತು ಬಂದಿದ್ದೆನಲ್ಲ, ಒಂದೇ ಸಾಲು: "ಅವತ್ತು ನಾನು ನಿಂಗೆ ಸರಿಯಾಗಿ ಹೇಳ್ಲಿಲ್ಲ. ತಪ್ಪಾಯ್ತು."

ಹೀಗೆ ಹೇಳುವಾಗ ನಾನು ಅದನ್ನು ನಂಬಿದ್ದೆನೇ? ನಂಬಿರಲಿಲ್ಲ. ಆದರೂ ಸುಳ್ಳು ಹೇಳಿದ ಹಾಗೆ ಆಗಲಿಲ್ಲ.

ಅಕ್ಕ ಮಸಾಲೆಯನ್ನು ಬೇಯುತ್ತಿದ್ದ ಹೋಳಿಗೆ ಸುರಿದಳು. ಜಾರಿಗೆ ನೀರು ಹಾಕಿ, ಕುಲುಕಿ, ಅದನ್ನೂ ಸುರಿದಳು.

"ನೀನೇನು ಹೇಳಿದೆ ಅನ್ನೋದು ಬಿಡು" ಅಂದಳು. "ನೀನು ಎರಡು ಮಾತು ಆಡಿ ಫೋನ್ ಅಮ್ಮನ ಕೈಗೆ ಕೊಟ್ಟು ಆಚೆ ಹೋದೆಯಲ್ಲ."

ನನ್ನ ಕೈಯಲ್ಲಿ ಮೊಸರಿನ ಪಾತ್ರೆ ಇತ್ತು. ಅಮ್ಮನ ಕೈಗೆ ಫೋನ್ ಕೊಟ್ಟದ್ದು ನನಗೆ ನೆನಪಿಲ್ಲ. ಆಸ್ಪತ್ರೆಯ ಕಾರಿಡಾರ್ ನೆನಪಿದೆ. ಒದ್ದೆ ನೆಲ, ಹಳದಿ ಬಕೆಟ್ಟು. ನರ್ಸನ್ನು ಹುಡುಕಿಕೊಂಡು ಹೋದದ್ದು ಆ ದಿನವೇ ಇರಬೇಕು. ಒಳಗೆ ಅಮ್ಮನ ಕಿವಿಯಲ್ಲಿ ಫೋನ್ ಇದ್ದಿರಬಹುದು. ಆರು ವರ್ಷ ನಾನು ಕಾಪಾಡಿಕೊಂಡು ಬಂದ ಆ ಒಂದು ಮಾತಿನ ಪಕ್ಕದಲ್ಲಿ ಇಷ್ಟು ದೊಡ್ಡ ಸಂಗತಿ ಇತ್ತು, ಮತ್ತು ಅದು ನನ್ನ ನೆನಪಿನಲ್ಲೂ ಡೈರಿಯಲ್ಲೂ ಇಲ್ಲ.

"ಅಮ್ಮ ಮಾತಾಡಿದ್ಲಾ? ಎಷ್ಟು ಹೊತ್ತು?"

"ಸ್ವಲ್ಪ."

"ಇದನ್ನ ಅವತ್ತು ಎಲೆ ಮುಂದೆ ಯಾಕೆ ಹೇಳ್ಲಿಲ್ಲ ನೀನು? ನಾನು ತಪ್ಪಿಸಿದೆ ಅಂತ ಯಾಕಂದೆ?"

ಅಕ್ಕ ಒಲೆ ಸಣ್ಣ ಮಾಡಿದಳು. "ಅಮ್ಮನ್ನ ಅನ್ನೋಕಾಗುತ್ತಾ? ನೀನು ಎದುರಿಗಿದ್ದೆ."

ಆಗ ಕೇಳಿದೆ. ಆಂಟಿ ಹೇಳಿಕೊಟ್ಟದ್ದೆಲ್ಲ ಮರೆತು ಕೇಳಿದೆ. ಅನನ್ಯಾ ತಟ್ಟೆ ಜೋಡಿಸುತ್ತಿದ್ದಳು. ಅಕ್ಕ ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿದಳು, ಉಪ್ಪು ಹಾಕಿದಳು, ಮೊಸರಿಗಾಗಿ ನನ್ನ ಮುಂದೆ ಕೈ ಚಾಚಿದಳು. ಉಂಡೆವು. ಎರಡು ಸಲ ಬಡಿಸಿದಳು. ಸಂಜೆ ಸ್ಟೇಷನ್ನಿನವರೆಗೆ ಬಂದು ಬಿಟ್ಟುಹೋದಳು. ಈಗ ಭಾನುವಾರ ಭಾನುವಾರ ಫೋನಿನಲ್ಲಿ ಮಾತಾಡುತ್ತೇವೆ. ಅನನ್ಯಾಳ ಪರೀಕ್ಷೆ, ಭಾವನ ಬೆನ್ನುನೋವು, ನನ್ನ ಅನುವಾದ ಅಚ್ಚಿಗೆ ಹೋದದ್ದು, ಎಲ್ಲ. ಅಡುಗೆಮನೆಯಲ್ಲಿ ಕೇಳಿದ್ದನ್ನು ಇನ್ನೊಂದು ಸಲ ಕೇಳಿದೆ. ಆ ಕಡೆ ಅವಳು ಇದ್ದಾಳೆಂದು ಉಸಿರಿನಿಂದಷ್ಟೇ ಗೊತ್ತಾಗುತ್ತಿತ್ತು.

ಕೇಳಿದ್ದು ಇಷ್ಟೇ: "ಬರಬೇಡ ಅಂತ ಅಮ್ಮನೇ ಅಂದ್ಲಾ ಅಕ್ಕ?"